ಪಿಸಿಯಲ್ಲಿ ಡಿಡಿ ಫ್ರೀ ಡಿಶ್: ಎರಡು ಟಿಪಿ ಸರಿ, 11570 ಮಾತ್ರ ಸಂಜೆ ಹೊತ್ತು ಒಡೆಯುತ್ತದೆ

ತುಂಗಾತೀರ

ಡಿಡಿ ಫ್ರೀ ಡಿಶ್ ಚಾನೆಲ್‌ಗಳನ್ನು ಪಿಸಿಗೆ ತಂದು ಕೋಡಿಯಲ್ಲಿ (ಟಿವಿ, ವಿಡಿಯೊ ತೋರಿಸುವ ಸಾಫ್ಟ್‌ವೇರ್) ನೋಡುವ ಏರ್ಪಾಡು ಮುಕ್ಕಾಲು ಪಾಲು ಆಗಿದೆ, ಉಳಿದ ಕಾಲು ಪಾಲು ಕೈಕೊಡುತ್ತಿದೆ. ತಿಳಿದವರು ದಾರಿ ಹೇಳಿ.

ಊರು ಶಿವಮೊಗ್ಗ. ತಾರಸಿ ಮೇಲೆ 60 ಸೆಂ.ಮೀ. ಡಿಶ್, ಎರಡು ಔಟ್‌ಪುಟ್‌ನ ಯೂನಿವರ್ಸಲ್ ಎಲ್‌ಎನ್‌ಬಿ (ಡಿಶ್ ಮುಂದೆ ಕೂತು ಸಿಗ್ನಲ್ ಹಿಡಿಯುವ ಭಾಗ). ಒಂದು ಔಟ್‌ಪುಟ್‌ನಿಂದ ಹಳೇ ಕೇಬಲ್ ಸೆಟ್‌ಟಾಪ್ ಬಾಕ್ಸ್‌ಗೆ ಹೋಗುತ್ತದೆ. ಇನ್ನೊಂದರಿಂದ ಹೊಸದಾಗಿ ಎಳೆದ ಆರ್‌ಜಿ-6 ಕೇಬಲ್ ಪಿಸಿಗೆ ಬರುತ್ತದೆ. ಉದ್ದ ಸುಮಾರು 30 ಮೀಟರ್, ನಡುವೆ ಒಂದು ಜಾಯಿಂಟ್ ಇದೆ. ಪಿಸಿ ಹಳೇ ಆಫೀಸ್ ಡೆಸ್ಕ್‌ಟಾಪ್: ನಾಲ್ಕನೇ ತಲೆಮಾರಿನ ಐ5, 8 ಜಿಬಿ ರ‍್ಯಾಮ್, ಎರಡು ಟ್ಯೂನರ್‌ನ ಪಿಸಿಐಇ ಡಿವಿಬಿ-ಎಸ್2 (ಉಪಗ್ರಹ ಟಿವಿ ಹಿಡಿಯುವ) ಕಾರ್ಡ್. ಡೆಬಿಯನ್ 12 (ಲಿನಕ್ಸ್), ಟಿವಿಹೆಡ್‌ಎಂಡ್ (ಟ್ಯೂನರ್‌ನಿಂದ ಚಾನೆಲ್ ತೆಗೆದು ಹಂಚುವ ಸರ್ವರ್), ಕೋಡಿ.

ತೊಂದರೆಗಳು ಇವು:

1. ಟಿವಿಹೆಡ್‌ಎಂಡ್‌ನಲ್ಲಿ ಮೊದಲೇ ಇರುವ ಮಕ್ಸ್ (ಟಿಪಿ, ಅಂದರೆ ಹಲವು ಚಾನೆಲ್ ಹೊತ್ತ ಉಪಗ್ರಹದ ಒಂದೊಂದು ಆವರ್ತನ) ಪಟ್ಟಿಯಿಂದ ಸ್ಕ್ಯಾನ್ ಮಾಡಿದರೆ ಬಹುತೇಕ ಎಲ್ಲವೂ ಫೇಲ್. ಕೈಯಾರೆ ಸೇರಿಸಿದ 11090 ಮತ್ತು 11170 ಮೆಗಾಹರ್ಟ್ಸ್ ಗಟ್ಟಿಯಾಗಿ ಲಾಕ್ ಆಗುತ್ತವೆ, ಸಿ/ಎನ್ (ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂಬ ಅಳತೆ) 12 ಡಿಬಿ ಆಸುಪಾಸು. 11570 ಮಾತ್ರ ಬೆಳಿಗ್ಗೆ 8 ಡಿಬಿ, ಸಂಜೆ ಏಳರ ಮೇಲೆ 5ಕ್ಕೆ ಇಳಿದು ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ. ಅದೇ ಹೊತ್ತಿಗೆ ಸೆಟ್‌ಟಾಪ್ ಬಾಕ್ಸ್‌ನಲ್ಲಿ ಅದೇ ಚಾನೆಲ್‌ಗಳು ಚೆನ್ನಾಗಿ ಬರುತ್ತವೆ. ಕಾರ್ಡ್ ಕೆಟ್ಟಿದೆಯೇ?

2. ಪಿಸಿಗೆ ಬಂದಿರುವುದು ಒಂದೇ ಕೇಬಲ್, ಕಾರ್ಡ್‌ನಲ್ಲಿ ಎರಡು ಇನ್‌ಪುಟ್. ಇನ್ನೊಂದು ಕೇಬಲ್ ಎಳೆಯಲೇಬೇಕೇ?

3. ಓಟ, ಆಟ ಇರುವ ದೃಶ್ಯಗಳಲ್ಲಿ ಅಂಚಿನ ಉದ್ದಕ್ಕೂ ಬಾಚಣಿಗೆ ಹಲ್ಲಿನ ಹಾಗೆ ಗೆರೆಗಳು. ಕೆಳಗೆ ಓಡುವ ಸುದ್ದಿ ಪಟ್ಟಿ ಜರ್ಕ್ ಹೊಡೆಯುತ್ತದೆ.

4. ಮನೆಯಲ್ಲಿ ಪಾವತಿ ಡಿಟಿಎಚ್ ಕೂಡ ಇದೆ. ಅದರ ಕಾರ್ಡ್ ಪಿಸಿಗೆ ಹಾಕಿ ಕನ್ನಡ ಚಾನೆಲ್‌ಗಳನ್ನೆಲ್ಲ ಒಂದೇ ಕಡೆ ನೋಡಬಹುದೇ?

---

ಬೆಣ್ಣೆದೋಸೆ64

60 ಸೆಂ.ಮೀ. ಡಿಶ್ ಮಲೆನಾಡಿಗೆ ಸಾಲುವುದಿಲ್ಲ ಸರ್. 90 ಸೆಂ.ಮೀ. ಹಾಕಿ, ಎಲ್ಲ ಟಿಪಿಯೂ ಸರಿಹೋಗುತ್ತದೆ. ಲೆಕ್ಕ ಸುಲಭ: 60ರಿಂದ 90ಕ್ಕೆ ಹೋದರೆ ಸುಮಾರು 3.5 ಡಿಬಿ ಹೆಚ್ಚು ಸಿಗುತ್ತದೆ, ನಿಮ್ಮ 5 ಡಿಬಿ ಎಂಟೂವರೆ ಆಗುತ್ತದೆ. ಫ್ರೀ ಡಿಶ್‌ನ ಕ್ಯೂಪಿಎಸ್‌ಕೆ (ಮಾಡ್ಯುಲೇಶನ್‌ನ ಒಂದು ಬಗೆ) ಟಿಪಿಗೆ ಆರೇಳು ಡಿಬಿ ಸಿಕ್ಕರೆ ಸಾಕು.

---

ಎಫ್_ಕನೆಕ್ಟರ್

@ಬೆಣ್ಣೆದೋಸೆ64, 90 ಸೆಂ.ಮೀ. ಡಿಶ್ ಮಳೆಗಾಲಕ್ಕೆ ಒಳ್ಳೆಯದೇ, ಆದರೆ ಈ ರೋಗಕ್ಕೆ ಅದು ಮದ್ದಲ್ಲ. ಡಿಶ್ ಚಿಕ್ಕದಾಗಿದ್ದರೆ ಅಥವಾ ದಿಕ್ಕು ತಪ್ಪಿದ್ದರೆ ಮೂರೂ ಟಿಪಿಯ ಸಿ/ಎನ್ ಒಟ್ಟಿಗೇ ಇಳಿಯಬೇಕಿತ್ತು. ಮೂರೂ ಜಿಸ್ಯಾಟ್-15 ಉಪಗ್ರಹದ ಟಿಪಿಗಳೇ, ಮೂರರ ಅಲೆಯೂ ವರ್ಟಿಕಲ್ (ಲಂಬ). 11090ರಲ್ಲಿ 12 ಡಿಬಿ ಕೊಡುವ ಡಿಶ್ 11570ರಲ್ಲಿ 5 ಕೊಡಲು ಡಿಶ್‌ನಲ್ಲಿ ಕಾರಣ ಸಿಗುವುದಿಲ್ಲ. ಮೋಡವೂ ಮಳೆಯೂ ದಿನಾ ಸಂಜೆ ಏಳಕ್ಕೆ ಸರಿಯಾಗಿ ಒಂದೇ ಟಿಪಿಯನ್ನು ಹುಡುಕಿಕೊಂಡು ಬರುವುದಿಲ್ಲ.

ಹಾಗಿದ್ದರೆ ಎಲ್ಲಿ ನೋಡಬೇಕು? ಎಲ್‌ಎನ್‌ಬಿ ಆಚೆಗಿನ ಕೇಬಲ್‌ನಲ್ಲಿ. ಅಲ್ಲಿ ಓಡುವುದು 11 ಗಿಗಾಹರ್ಟ್ಸ್ ಅಲ್ಲ. ಎಲ್‌ಎನ್‌ಬಿ ತನ್ನ 9750 ಮೆಗಾಹರ್ಟ್ಸ್ ಕಳೆದು ಉಳಿದದ್ದನ್ನು ಕೆಳಗೆ ಕಳಿಸುತ್ತದೆ:

11090 – 9750 = 1340
11170 – 9750 = 1420
11490 – 9750 = 1740
11570 – 9750 = 1820

ಸಿಂಬಲ್ ರೇಟ್ (ಸೆಕೆಂಡಿಗೆ ಕಳಿಸುವ ಸಿಂಬಲ್‌ಗಳು, ಸಾವಿರದಲ್ಲಿ) 29500 ಇರುವ ಒಂದೊಂದು ಟಿಪಿಯೂ ಸುಮಾರು 40 ಮೆಗಾಹರ್ಟ್ಸ್ ಅಗಲ ಇರುತ್ತದೆ. ಅಂದರೆ 11570 ನಿಮ್ಮ ಕೇಬಲ್‌ನಲ್ಲಿ ಕೂತಿರುವುದು 1800ರಿಂದ 1840ರವರೆಗೆ. ಮೊಬೈಲ್‌ನವರ 1800 ಬ್ಯಾಂಡ್‌ನಲ್ಲಿ ಟವರ್‌ನಿಂದ ಫೋನ್‌ಗೆ ಬರುವ ಸಿಗ್ನಲ್ 1805–1880. ಒಂದರ ಮೇಲೊಂದು ಬಿದ್ದಿದೆ. ಕೇಬಲ್‌ನ ಶೀಲ್ಡ್ (ಸಿಪ್ಪೆಯೊಳಗಿನ ಲೋಹದ ಜಾಲರಿ, ಫಾಯಿಲ್) ಸರಿ ಇದ್ದರೆ ಹೊರಗಿನದು ಹೊರಗೇ ಉಳಿಯುತ್ತದೆ. ಜಾಯಿಂಟ್‌ನಲ್ಲಿ ಜಾಲರಿ ಬಿಟ್ಟಿದ್ದರೆ ಅಲ್ಲಿಂದ ಒಳಗೆ ನುಗ್ಗುತ್ತದೆ. ಸಂಜೆ ಜನರೆಲ್ಲ ಫೋನ್ ಹಿಡಿದಾಗ ಟವರ್‌ನ ಮೇಲಿನ ಭಾರ ಹೆಚ್ಚುತ್ತದೆ, ಅದರ ಸಿಗ್ನಲ್‌ನಲ್ಲಿ ಖಾಲಿ ಜಾಗ ಕಡಿಮೆಯಾಗುತ್ತದೆ, ಆ ಹೊತ್ತಿಗೇ ನಿಮ್ಮ ಸಿ/ಎನ್ ಬೀಳುತ್ತದೆ. 1340, 1420ರಲ್ಲಿ ಇಲ್ಲಿ ಮೊಬೈಲ್ ಸೇವೆ ಇಲ್ಲ, ಅದಕ್ಕೇ ಆ ಎರಡು ಟಿಪಿಗೆ ಏನೂ ಆಗಿಲ್ಲ.

ಕೇಬಲ್‌ನಲ್ಲಿ ಮೇಲಿನ ಆವರ್ತನಕ್ಕೆ ನಷ್ಟ ಸ್ವಲ್ಪ ಹೆಚ್ಚೇ. ಆದರೆ 30 ಮೀಟರ್ ಆರ್‌ಜಿ-6ರಲ್ಲಿ 1340ಕ್ಕೂ 1820ಕ್ಕೂ ಇರುವ ವ್ಯತ್ಯಾಸ ಒಂದೂವರೆ ಡಿಬಿ ದಾಟುವುದಿಲ್ಲ. ಏಳು ಡಿಬಿ ತಿನ್ನುವುದಿಲ್ಲ.

ಕಾರ್ಡ್ ತೆಗೆದುಕೊಂಡು ಅಂಗಡಿಗೆ ಓಡುವ ಮೊದಲು ಎರಡು ಕೆಲಸ ಮಾಡಿ.

ಒಂದು, ಕೇಬಲ್‌ಗಳನ್ನು ಅದಲುಬದಲು ಮಾಡಿ. ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ಪಿಸಿಗೆ, ಪಿಸಿಯದ್ದು ಬಾಕ್ಸ್‌ಗೆ. ಹಾಕುವಾಗ ಬಾಕ್ಸ್‌ನ ಪ್ಲಗ್ ತೆಗೆದಿರಲಿ, ಪಿಸಿಯ ಪವರ್ ಕೂಡ ಪೂರ್ತಿ ಆಫ್ ಇರಲಿ. ಎಫ್ ಕನೆಕ್ಟರ್‌ನ (ಕೇಬಲ್ ತುದಿಯ ತಿರುಪು) ನಡು ತಂತಿ ಅದರ ಲೋಹದ ಮೈಗೆ ತಾಗಿದರೆ ಕಾರ್ಡ್ ಕೊಡುವ 13 ವೋಲ್ಟ್ ಶಾರ್ಟ್ ಆಗುತ್ತದೆ. ಬಾಕ್ಸ್‌ನಲ್ಲಿ 11570 ಒಡೆಯಲು ಶುರುವಾದರೆ ದೋಷ ಕೇಬಲ್‌ನದು.

ಇನ್ನೊಂದು, ಸಂಜೆ ಹೊತ್ತು ಟಿವಿಹೆಡ್‌ಎಂಡ್‌ನ ಸ್ಟೇಟಸ್ ಪುಟದಲ್ಲಿ ‘ಸ್ಟ್ರೀಮ್’ ಟ್ಯಾಬ್ ತೆರೆದಿಟ್ಟು ಜಾಯಿಂಟ್ ಹತ್ತಿರ ಒಬ್ಬರನ್ನು ನಿಲ್ಲಿಸಿ. ಜಾಯಿಂಟ್ ಬಿಗಿಯಾಗಿ ಹಿಡಿದಾಗ, ಅಲುಗಿಸಿದಾಗ ಸಿ/ಎನ್ ಮೇಲೆ ಕೆಳಗೆ ಆದರೆ ಜಾಗ ಗೊತ್ತಾದಂತೆ. ‘ಸ್ಟ್ರೆಂತ್’ ಅಂಕಿಯನ್ನು ನಂಬಬೇಡಿ. ಒಳನುಗ್ಗಿದ ಕಸವೂ ಆ ಅಂಕಿಯನ್ನು ಹೆಚ್ಚಿಸುತ್ತದೆ, ಚಿತ್ರ ಒಡೆಯುವಾಗಲೂ 80% ತೋರಿಸಬಹುದು. ನೋಡಬೇಕಾದದ್ದು ಸಿ/ಎನ್ ಮತ್ತು ‘ಅನ್‌ಕರೆಕ್ಟೆಡ್ ಬ್ಲಾಕ್ಸ್’ (ತಪ್ಪು ತಿದ್ದಲಾಗದೆ ಹೋದ ತುಣುಕುಗಳು). ಎರಡನೆಯದು ಏರುತ್ತಲೇ ಇದ್ದರೆ ಚಿತ್ರ ಒಡೆದೇ ಒಡೆಯುತ್ತದೆ.

ಒಂದು ಮಾತು ಕೇಳಬೇಕಿತ್ತು: ಆ ಜಾಯಿಂಟ್ ಯಾವುದು? ಮತ್ತೆ ಹತ್ತಿರದಲ್ಲಿ ಟವರ್ ಇದೆಯೇ?

---

ತುಂಗಾತೀರ

@ಎಫ್_ಕನೆಕ್ಟರ್ ಅದಲುಬದಲು ಮಾಡಿದೆ. ಈಗ ಪಿಸಿಯಲ್ಲಿ 11570 ಸಂಜೆಯೂ 11.6 ಡಿಬಿ. ಸೆಟ್‌ಟಾಪ್ ಬಾಕ್ಸ್‌ನಲ್ಲಿ ಆ ಟಿಪಿಯ ಚಾನೆಲ್‌ಗಳು ಒಡೆಯುತ್ತಿವೆ. ಟವರ್ ಇದೆ, ಎದುರು ಸಾಲಿನ ಕಟ್ಟಡದ ತಾರಸಿ ಮೇಲೆಯೇ. ಜಾಯಿಂಟ್ ಕೇಬಲ್ ಟಿವಿಯವರು ಹಾಕುವ ದ್ವಿಮುಖ ಸ್ಪ್ಲಿಟರ್. ಒಂದು ಬಾಯಿ ಖಾಲಿ ಬಿಟ್ಟು ಜಾಯಿಂಟ್ ಹಾಗೆ ಬಳಸಿದ್ದಾರೆ. ಅದರ ಮೇಲೆ ‘5–1000 ಮೆಗಾಹರ್ಟ್ಸ್’ ಎಂದಿದೆ. ಕನೆಕ್ಟರ್‌ಗಳು ತಿರುಗಿಸಿ ಹಾಕುವ ಬಗೆಯವು.

---

ಎಫ್_ಕನೆಕ್ಟರ್

ಹಾಗಾದರೆ ಆ ಸ್ಪ್ಲಿಟರ್ ಕಿತ್ತು ಬಿಸಾಡಿ. ಅದು ಕೇಬಲ್ ಟಿವಿಗೆ ಮಾಡಿದ್ದು, 1000 ಮೆಗಾಹರ್ಟ್ಸ್‌ವರೆಗಿನ ಭರವಸೆ ಮಾತ್ರ ಅದಕ್ಕಿದೆ. ಡಿಶ್ ಕೇಬಲ್‌ಗೆ ಬೇಕಾದದ್ದು 950ರಿಂದ 2150. ಖಾಲಿ ಬಿಟ್ಟ ಬಾಯಿ ಟವರ್‌ಗೆ ಬಾಗಿಲು ತೆರೆದಿಟ್ಟಂತೆ. ಅದರೊಳಗೆ ವೋಲ್ಟೇಜ್ ದಾಟಿ ಎಲ್‌ಎನ್‌ಬಿ ಕೆಲಸ ಮಾಡಿದ್ದೇ ನಿಮ್ಮ ಅದೃಷ್ಟ, ಅಂಥ ಎಷ್ಟೋ ಸ್ಪ್ಲಿಟರ್‌ಗಳು ಡಿಸಿ ಬಿಡುವುದೇ ಇಲ್ಲ.

ಸಾಧ್ಯವಾದರೆ ಜಾಯಿಂಟ್ ಇಲ್ಲದ ಒಂದೇ ಕೇಬಲ್ ಎಳೆಯಿರಿ. ಅಂಗಡಿಯಲ್ಲಿ ಆರ್‌ಜಿ-6 ಎಂದರೆ ಏನನ್ನೋ ಕೊಡುತ್ತಾರೆ, ತುದಿ ಕತ್ತರಿಸಿ ನೋಡಿ ತೆಗೆದುಕೊಳ್ಳಿ. ಬಿಳಿ ಫೋಮ್ ಮೇಲೆ ಅಂಟಿದ ಫಾಯಿಲ್ ಇರಬೇಕು, ಅದರ ಮೇಲೆ ದಟ್ಟವಾದ ಜಾಲರಿ ಇರಬೇಕು. ಅಗ್ಗದ ಕೇಬಲ್‌ನಲ್ಲಿ ಜಾಲರಿ ಎಂದು ಹತ್ತಿಪ್ಪತ್ತು ಎಳೆ ಇರುತ್ತದೆ, ಬೆರಳಲ್ಲಿ ಸರಿಸಿದರೆ ಫಾಯಿಲ್ ಪೂರಾ ಕಾಣುತ್ತದೆ. ನಡು ತಂತಿಗೆ ಆಯಸ್ಕಾಂತ ಅಂಟಿದರೆ ಅದು ತಾಮ್ರ ಲೇಪಿಸಿದ ಉಕ್ಕು. ಸಿಗ್ನಲ್‌ಗೆ ಅದರಿಂದ ತೊಂದರೆ ಇಲ್ಲ, ಆದರೆ ಉದ್ದ ಓಟದಲ್ಲಿ ಎಲ್‌ಎನ್‌ಬಿಗೆ ಹೋಗುವ ವೋಲ್ಟೇಜ್ ಕುಸಿಯುತ್ತದೆ. 30 ಮೀಟರ್‌ಗೆ ತಡೆಯುತ್ತದೆ, ಅದಕ್ಕಿಂತ ಉದ್ದವಾದರೆ ಪೂರ್ತಿ ತಾಮ್ರದ್ದೇ ಲೇಸು.

ಕನೆಕ್ಟರ್ ಕಂಪ್ರೆಶನ್ ಬಗೆಯದು ಹಾಕಿ, ಒತ್ತುವ ಉಪಕರಣ ಬೇಕಾಗುತ್ತದೆ. ಹೊರಗಿನ ಕಪ್ಪು ಸಿಪ್ಪೆಯನ್ನು ತುದಿಯಿಂದ ಸುಮಾರು 13 ಮಿ.ಮೀ. ತೆಗೆಯಿರಿ, ಅದರಲ್ಲಿ ಕೊನೆಯ ಆರೇಳು ಮಿ.ಮೀ. ಫೋಮ್ ಕೂಡ ತೆಗೆದು ನಡು ತಂತಿ ಬಯಲು ಮಾಡಿ. ಜಾಲರಿಯನ್ನು ಹಿಂದಕ್ಕೆ ಮಡಚಿ ಸಿಪ್ಪೆಯ ಮೇಲೆ ಹರಡಿ. ಕನೆಕ್ಟರ್ ಒತ್ತಿದ ಮೇಲೆ ಬಾಯಿಯೊಳಗೆ ಇಣುಕಿದರೆ ಬಿಳಿ ಫೋಮ್ ತಳಕ್ಕೆ ಸಮನಾಗಿ ಕಾಣಬೇಕು, ನಡು ತಂತಿ ನಟ್‌ನ ಅಂಚಿನಿಂದ ಎರಡು ಮೂರು ಮಿ.ಮೀ. ಹೊರಗಿರಬೇಕು. ಜಾಲರಿಯ ಒಂದೇ ಒಂದು ಎಳೆ ನಡು ತಂತಿಗೆ ತಾಗಿದರೂ ಶಾರ್ಟ್, ಟಾರ್ಚ್ ಹಿಡಿದು ನೋಡಿ. ಕೈಯಲ್ಲಿ ಬಿಗಿ ಮಾಡಿದ ಮೇಲೆ ಸ್ಪ್ಯಾನರ್‌ನಲ್ಲಿ ಕಾಲು ಸುತ್ತು ಸಾಕು. ಕಾರ್ಡ್ ಕಡೆ ಸ್ಪ್ಯಾನರ್ ಬೇಡವೇ ಬೇಡ, ಸಾಕೆಟ್ ಬೋರ್ಡ್‌ನಿಂದ ಕಿತ್ತು ಬರುತ್ತದೆ.

ಜಾಯಿಂಟ್ ಇಲ್ಲದೆ ಆಗದು ಎಂದರೆ 3 ಗಿಗಾಹರ್ಟ್ಸ್ ಎಂದು ಬರೆದಿರುವ ಎಫ್ ಬ್ಯಾರೆಲ್ (ಎರಡು ಕನೆಕ್ಟರ್ ಜೋಡಿಸುವ ತುಂಡು) ಹಾಕಿ, ಮೇಲೆ ಸ್ವಯಂ ಬೆಸೆಯುವ ರಬ್ಬರ್ ಟೇಪ್ ಸುತ್ತಿ. ಎಲ್‌ಎನ್‌ಬಿ ಹತ್ತಿರ ಕೇಬಲ್ ಕೆಳಗೆ ಇಳಿಬಿದ್ದು ಮತ್ತೆ ಮೇಲೆ ಹೋಗುವಂತೆ ಒಂದು ಬಳುಕು ಕೊಡಿ, ನೀರು ಅಲ್ಲೇ ತೊಟ್ಟಿಕ್ಕಲಿ. ನೀರು ಒಳಗೆ ಹೋದ ಕೇಬಲ್‌ನ ಜಾಲರಿ ಕಪ್ಪಾಗುತ್ತದೆ, ಆಮೇಲೆ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿದರೂ ಉಪಯೋಗವಿಲ್ಲ.

ಇದೇ ಜಾತಿಯ ಇನ್ನೊಂದು ತೊಂದರೆ 11490ಕ್ಕೆ ಬರಬಹುದು. ಅದು ಕೇಬಲ್‌ನಲ್ಲಿ 1720–1760ರಲ್ಲಿ ಇರುತ್ತದೆ, ಫೋನ್‌ನಿಂದ ಟವರ್‌ಗೆ ಹೋಗುವ 1710–1785ರ ಒಳಗೆ. ಪಿಸಿ ಹಿಂದೆ ಕನೆಕ್ಟರ್ ಸಡಿಲ ಇದ್ದು, ಫೋನ್ ಆ ಬ್ಯಾಂಡ್‌ನಲ್ಲೇ ಇದ್ದರೆ, ಫೋನನ್ನು ಪಕ್ಕದಲ್ಲಿಟ್ಟು ದೊಡ್ಡ ವಿಡಿಯೊ ಅಪ್‌ಲೋಡ್ ಮಾಡಿದಾಗ ಚಿತ್ರ ಒಡೆಯುತ್ತದೆ. ಪರೀಕ್ಷೆಗೆ ಇದಕ್ಕಿಂತ ಅಗ್ಗದ ಮೀಟರ್ ಇಲ್ಲ.

---

ಮಕ್ಸ್‌ಮರಿ

ನಿಮ್ಮ ಮೊದಲ ಪ್ರಶ್ನೆಯ ಟಿವಿಹೆಡ್‌ಎಂಡ್ ಭಾಗ ಮತ್ತು ಎರಡನೇ ಪ್ರಶ್ನೆ ನಾನು ತೆಗೆದುಕೊಳ್ಳುತ್ತೇನೆ.

ಮೊದಲೇ ತುಂಬಿರುವ ಪಟ್ಟಿ ಎಷ್ಟೋ ಕಾಲದ ಹಿಂದಿನದು, 93.5 ಡಿಗ್ರಿ ಪೂರ್ವದಲ್ಲಿ (ಆಕಾಶದಲ್ಲಿ ಫ್ರೀ ಡಿಶ್ ಉಪಗ್ರಹದ ಜಾಗ) ಇನ್‌ಸ್ಯಾಟ್-4ಬಿ ಇದ್ದಾಗಿನ ಟಿಪಿಗಳು ಅದರಲ್ಲಿ ಉಳಿದಿರುತ್ತವೆ. ಜಿಸ್ಯಾಟ್-15 ಹಾರಿದ್ದು 2015ರ ನವೆಂಬರ್‌ನಲ್ಲಿ. ಆಮೇಲೆ ಫ್ರೀ ಡಿಶ್ ಅದಕ್ಕೆ ಹೋದಾಗ ಆವರ್ತನವೂ ಸಿಂಬಲ್ ರೇಟೂ ಬದಲಾದವು. ಆದ್ದರಿಂದ ಡಿವಿಬಿ-ಎಸ್ ನೆಟ್‌ವರ್ಕ್ ಸೃಷ್ಟಿಸುವಾಗ ಪೂರ್ವನಿಗದಿತ ಮಕ್ಸ್‌ಗಳ ಖಾನೆ ಖಾಲಿ ಬಿಡಿ, ಕೈಯಾರೆ ಸೇರಿಸಿ.

ಇಲ್ಲಿ ಹೊಸಬರು ಎಡವುವ ಜಾಗ ಒಂದಿದೆ. ಸೆಟ್‌ಟಾಪ್ ಬಾಕ್ಸ್‌ನಲ್ಲಿ 11090 ಮತ್ತು 29500 ಎಂದು ಬರೆಯುತ್ತೇವೆ. ಟಿವಿಹೆಡ್‌ಎಂಡ್ ಆವರ್ತನವನ್ನು ಕಿಲೋಹರ್ಟ್ಸ್‌ನಲ್ಲಿ, ಸಿಂಬಲ್ ರೇಟನ್ನು ಸೆಕೆಂಡಿಗೆ ಇಷ್ಟು ಸಿಂಬಲ್ ಎಂದು ಕೇಳುತ್ತದೆ. ಅಲ್ಲಿ 11090000 ಮತ್ತು 29500000 ಎಂದು ಬರೆಯಬೇಕು. ಸೊನ್ನೆ ಬಿಟ್ಟರೆ ಟ್ಯೂನರ್ ಎಲ್ಲಿಗೋ ಹೋಗುತ್ತದೆ. ಡೆಲಿವರಿ ಸಿಸ್ಟಮ್ ಡಿವಿಬಿ-ಎಸ್, ಪೋಲರೈಸೇಶನ್ ವಿ, ಮಾಡ್ಯುಲೇಶನ್ ಕ್ಯೂಪಿಎಸ್‌ಕೆ, ಎಫ್‌ಇಸಿ (ತಪ್ಪು ತಿದ್ದುವ ಸಂಕೇತದ ಪ್ರಮಾಣ) ಆಟೋ. ಅಡಾಪ್ಟರ್‌ನ (ಕಾರ್ಡ್‌ನ ಟ್ಯೂನರ್) ಕೆಳಗೆ ಸ್ಯಾಟ್‌ಕಾನ್ಫಿಗ್‌ನಲ್ಲಿ ‘ಯೂನಿವರ್ಸಲ್ ಎಲ್‌ಎನ್‌ಬಿ ಓನ್ಲಿ’ ಆರಿಸಿ, ನೆಟ್‌ವರ್ಕ್ ಜೋಡಿಸಿ. ಆಮೇಲೆ ಅಡಾಪ್ಟರನ್ನು ಎನೇಬಲ್ ಮಾಡಲು ಮರೆಯಬೇಡಿ, ಆ ಚೌಕಕ್ಕೆ ಟಿಕ್ ಹಾಕದೆ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವವರು ಬಹಳ.

ಸ್ಕ್ಯಾನ್ ಆದ ಮೇಲೆ ಸರ್ವಿಸ್ ಮ್ಯಾಪ್ ಮಾಡುವಾಗ (ಸಿಕ್ಕಿದ್ದನ್ನು ಚಾನೆಲ್ ಪಟ್ಟಿಗೆ ಸೇರಿಸುವಾಗ) ‘ಎನ್‌ಕ್ರಿಪ್ಟೆಡ್’ ಇರುವವನ್ನು ಬಿಡಿ. 93.5ರಲ್ಲೇ ಸನ್ ಡೈರೆಕ್ಟ್ ಸಿಗ್ನಲ್‌ಗಳೂ ಇವೆ, ಅವು ಸಾಲುಸಾಲಾಗಿ ಬಂದು ಕೂತರೆ ಚಾನೆಲ್ ಪಟ್ಟಿ ಸಂತೆಯಾಗುತ್ತದೆ. ಬೇಕಾದ ಟಿಪಿಗಳೆಲ್ಲ ಸಿಕ್ಕ ಮೇಲೆ ನೆಟ್‌ವರ್ಕ್ ಡಿಸ್ಕವರಿಯನ್ನೂ (ಹೊಸ ಟಿಪಿ ತಾನೇ ಹುಡುಕುವುದು) ಐಡಲ್ ಸ್ಕ್ಯಾನನ್ನೂ (ಬಿಡುವಿದ್ದಾಗಿನ ಸ್ಕ್ಯಾನ್) ಆಫ್ ಮಾಡಿ. ಕಾರಣ ಮುಂದೆ ಹೇಳುತ್ತೇನೆ. ಆಕಾಶವಾಣಿ ಚಾನೆಲ್‌ಗಳೂ ಬಂದಿರುತ್ತವೆ, ಅವು ಕೋಡಿಯ ರೇಡಿಯೊ ವಿಭಾಗಕ್ಕೆ ತಾವೇ ಹೋಗುತ್ತವೆ.

ಈಗ ಎರಡನೇ ಇನ್‌ಪುಟ್. ಸಾಮಾನ್ಯವಾಗಿ ಡಿಶ್ ಕೇಬಲನ್ನು ಸ್ಪ್ಲಿಟ್ ಮಾಡಬಾರದು ಎನ್ನುತ್ತಾರೆ, ಅದು ಸರಿಯಾದ ಮಾತೇ. ಟ್ಯೂನರ್ 13 ವೋಲ್ಟ್ ಕೊಟ್ಟರೆ ಎಲ್‌ಎನ್‌ಬಿ ವರ್ಟಿಕಲ್‌ಗೆ, 18 ಕೊಟ್ಟರೆ ಹಾರಿಜಾಂಟಲ್‌ಗೆ ತಿರುಗುತ್ತದೆ. 22 ಕಿಲೋಹರ್ಟ್ಸ್ ಟೋನ್ ಕೊಟ್ಟರೆ 11700ರ ಮೇಲಿನ ಹೈಬ್ಯಾಂಡ್‌ಗೆ ಹೋಗುತ್ತದೆ. ಒಂದು ಟ್ಯೂನರ್ 13, ಇನ್ನೊಂದು 18 ಕೇಳಿದರೆ 18 ಗೆಲ್ಲುತ್ತದೆ, ಮೊದಲನೆಯದರ ಚಿತ್ರ ಹೋಗುತ್ತದೆ. ಆದರೆ ಈ ಪ್ರಶ್ನೆಯಲ್ಲಿ ಬರುವ ಫ್ರೀ ಡಿಶ್ ಟಿಪಿಗಳೆಲ್ಲ ವರ್ಟಿಕಲ್, ಎಲ್ಲವೂ 11700ರ ಕೆಳಗೆ. ಎರಡು ಟ್ಯೂನರೂ ಕೇಳುವುದು ಒಂದೇ: 13 ವೋಲ್ಟ್, ಟೋನ್ ಇಲ್ಲ. ಹಾಗಾಗಿ ಜಗಳವೇ ಹುಟ್ಟುವುದಿಲ್ಲ, ಒಂದು ಕೇಬಲ್ ಸಾಕು. 5–2400 ಮೆಗಾಹರ್ಟ್ಸ್‌ನ, ಎರಡೂ ಬಾಯಿಯಲ್ಲಿ ಡಯೋಡ್ ಮೂಲಕ ಪವರ್ ಪಾಸ್ ಇರುವ ಸ್ಯಾಟಲೈಟ್ ಸ್ಪ್ಲಿಟರ್ ತೆಗೆದುಕೊಂಡು ಪಿಸಿ ಹಿಂದೆಯೇ ಹಾಕಿ. ಸಿಗ್ನಲ್ ಮಟ್ಟದಲ್ಲಿ ನಾಲ್ಕು ಡಿಬಿ ಹೋಗುತ್ತದೆ, ಆದರೆ ಎಲ್‌ಎನ್‌ಬಿಯೇ 50 ಡಿಬಿಗೂ ಹೆಚ್ಚು ವರ್ಧಿಸಿ ಕೊಟ್ಟಿರುವುದರಿಂದ ಸಿ/ಎನ್ ಅಷ್ಟಾಗಿ ಅಲುಗುವುದಿಲ್ಲ. ನೆಟ್‌ವರ್ಕ್ ಡಿಸ್ಕವರಿ ಆಫ್ ಎಂದದ್ದು ಇದಕ್ಕೇ. ಎಲ್ಲಿಂದಲೋ ಒಂದು ಹಾರಿಜಾಂಟಲ್ ಮಕ್ಸ್ ಪಟ್ಟಿಗೆ ಸೇರಿದರೆ, ಸ್ಕ್ಯಾನ್ ಆಗುವ ಅಷ್ಟು ಹೊತ್ತು ಪಕ್ಕದ ಟ್ಯೂನರ್‌ನ ರೆಕಾರ್ಡಿಂಗ್ ಹಾಳಾಗುತ್ತದೆ.

ಎರಡು ಟ್ಯೂನರ್ ಎಂದರೆ ಎರಡೇ ಚಾನೆಲ್ ಎಂದುಕೊಳ್ಳಬೇಡಿ. ಒಂದು ಟ್ಯೂನರ್ ಹಿಡಿಯುವುದು ಇಡೀ ಟಿಪಿಯನ್ನು. 29500 ಕ್ಯೂಪಿಎಸ್‌ಕೆ, ಎಫ್‌ಇಸಿ 3/4 ಆದರೆ ಅದರಲ್ಲಿ ಸುಮಾರು 40 ಮೆಗಾಬಿಟ್ ಹರಿಯುತ್ತದೆ. ಆ ಟಿಪಿಯಲ್ಲಿರುವ ಚಾನೆಲ್‌ಗಳಲ್ಲಿ ಎಷ್ಟನ್ನು ಬೇಕಾದರೂ ಒಟ್ಟಿಗೆ ನೋಡಬಹುದು, ರೆಕಾರ್ಡ್ ಮಾಡಬಹುದು. ಒಂದು ಎಸ್‌ಡಿ ಚಾನೆಲ್ ಎರಡೂವರೆ ಮೆಗಾಬಿಟ್ ತೆಗೆದುಕೊಂಡರೆ ಗಂಟೆಗೆ ಸುಮಾರು 1.1 ಜಿಬಿ. ಒಳಕೋಣೆಯ ಟಿವಿಗೆ ವೈಫೈಯೇ ಸಾಕು.

ಕೋಡಿಯಲ್ಲಿ ‘ಟಿವಿಹೆಡ್‌ಎಂಡ್ ಎಚ್‌ಟಿಎಸ್‌ಪಿ ಕ್ಲೈಂಟ್’ ಹಾಕಿ, ಪಿಸಿಯ ಐಪಿ ಕೊಡಿ. ವೆಬ್ ಪುಟದ ಪೋರ್ಟ್ 9981, ಕೋಡಿಗೆ ಬೇಕಾದ ಎಚ್‌ಟಿಎಸ್‌ಪಿ ಪೋರ್ಟ್ 9982. ಕೋಡಿಗೆಂದು ಬೇರೆ ಬಳಕೆದಾರ ಹೆಸರು ಮಾಡಿ, ಅದಕ್ಕೆ ಸ್ಟ್ರೀಮಿಂಗ್ ಮತ್ತು ರೆಕಾರ್ಡಿಂಗ್ ಅನುಮತಿ ಮಾತ್ರ ಕೊಡಿ.

ಕಾರ್ಡ್‌ನ ಡ್ರೈವರ್ ಕರ್ನಲ್ (ಲಿನಕ್ಸ್‌ನ ತಿರುಳು) ಒಳಗಿನದೋ ಹೊರಗಿನದೋ ನೋಡಿಕೊಳ್ಳಿ. ಟಿಬಿಎಸ್ ಕಾರ್ಡ್‌ಗಳಿಗೆ ಸಾಮಾನ್ಯವಾಗಿ ಹೊರಗಿನಿಂದ ಕಟ್ಟಬೇಕು, ಕರ್ನಲ್ ಅಪ್‌ಡೇಟ್ ಆದ ಮರುದಿನ ‘ಅಡಾಪ್ಟರ್ ಮಾಯ’ ಎಂದು ಬರುವ ಪೋಸ್ಟ್‌ಗಳ ಹಿಂದೆ ಇರುವುದು ಇದೇ. ಹೊಸ ಕರ್ನಲ್‌ಗೆ ಡ್ರೈವರ್ ಮತ್ತೆ ಕಟ್ಟಿ, ಅಥವಾ ಕರ್ನಲ್ ಪ್ಯಾಕೇಜನ್ನು ಹೋಲ್ಡ್ ಮಾಡಿಡಿ. ಬಯಾಸ್‌ನಲ್ಲಿ ಸೆಕ್ಯೂರ್ ಬೂಟ್ ಆನ್ ಇದ್ದರೆ ಸಹಿ ಇಲ್ಲದ ಡ್ರೈವರ್ ಲೋಡೇ ಆಗುವುದಿಲ್ಲ.

---

ಕೋಡಿಕಟ್ಟೆ

ಬಾಚಣಿಗೆ ಗೆರೆಗೂ ಜರ್ಕ್‌ಗೂ ಕಾರಣ ಬೇರೆ ಬೇರೆ.

ಗೆರೆ ಬರುವುದು ಡಿಇಂಟರ್ಲೇಸ್ ಆಗದೆ ಇದ್ದಾಗ. ಎಸ್‌ಡಿ ಚಾನೆಲ್‌ಗಳು 576ಐ. ಸೆಕೆಂಡಿಗೆ 50 ಅರ್ಧ ಚಿತ್ರಗಳು ಬರುತ್ತವೆ, ಎರಡನ್ನು ಹಾಗೇ ಹೆಣೆದು ತೋರಿಸಿದರೆ ಓಡುವ ವಸ್ತುವಿನ ಅಂಚಿಗೆ ಹಲ್ಲು ಮೂಡುತ್ತದೆ. ಚಾನೆಲ್ ಓಡುವಾಗಲೇ ವಿಡಿಯೊ ಸೆಟ್ಟಿಂಗ್ಸ್ ತೆರೆದು ಡಿಇಂಟರ್ಲೇಸ್ ವಿಧಾನ ನೋಡಿ. ನಾಲ್ಕನೇ ತಲೆಮಾರಿನ ಇಂಟೆಲ್ ಗ್ರಾಫಿಕ್ಸ್‌ಗೆ ಬೇಕಾದ ವಿಎ-ಎಪಿಐ (ವಿಡಿಯೊ ಬಿಡಿಸುವ ಕೆಲಸ ಗ್ರಾಫಿಕ್ಸ್‌ಗೆ ಒಪ್ಪಿಸುವ ವ್ಯವಸ್ಥೆ) ಡ್ರೈವರ್ ಐ965, ಹೊಸ ಐಎಚ್‌ಡಿ ಅಲ್ಲ. ಡೆಬಿಯನ್‌ನಲ್ಲಿ ಎರಡೂ ಇವೆ, ಹೊಸದೊಂದೇ ಇದ್ದರೆ ಹಾರ್ಡ್‌ವೇರ್ ಡಿಕೋಡ್ ಕೆಲಸ ಮಾಡುವುದಿಲ್ಲ. ಡಿಇಂಟರ್ಲೇಸ್ ವಿಧಾನಗಳ ಪಟ್ಟಿಯಲ್ಲಿ ಎಂಸಿಡಿಐ ಕಂಡರೆ ಅದನ್ನು ಆರಿಸಿ, ಇಲ್ಲದಿದ್ದರೆ ಎಂಎಡಿಐ. ಅದೂ ಸರಿಬರದಿದ್ದರೆ ಸೆಟ್ಟಿಂಗ್ಸ್ ಮಟ್ಟವನ್ನು ಎಕ್ಸ್‌ಪರ್ಟ್‌ಗೆ ಏರಿಸಿ ಪ್ಲೇಯರ್‌ನಲ್ಲಿ ಎಂಪೆಗ್-2ಕ್ಕೆ ವಿಎ-ಎಪಿಐ ಆಫ್ ಮಾಡಿ. ಎಸ್‌ಡಿ ಎಂಪೆಗ್-2 ಬಿಡಿಸುವುದು ಐ5ಗೆ ಲೆಕ್ಕಕ್ಕೇ ಇಲ್ಲದ ಕೆಲಸ, ಸಾಫ್ಟ್‌ವೇರ್ ಡಿಇಂಟರ್ಲೇಸ್ ಚೆನ್ನಾಗಿಯೇ ಇರುತ್ತದೆ.

ಸರಿ ಮಾಡಿದ್ದನ್ನು ಅದೇ ಮೆನುವಿನ ಕೆಳಗೆ ‘ಎಲ್ಲ ವಿಡಿಯೊಗೂ ಡೀಫಾಲ್ಟ್’ ಮಾಡಿ, ಇಲ್ಲದಿದ್ದರೆ ಚಾನೆಲ್ ಬದಲಿಸಿದಾಗಲೆಲ್ಲ ಮತ್ತೆ ಮೊದಲಿಂದ.

ಸುದ್ದಿ ಪಟ್ಟಿ ಜರ್ಕ್ ಹೊಡೆಯುವುದಕ್ಕೆ ಟಿವಿ 60 ಹರ್ಟ್ಸ್‌ನಲ್ಲಿ ಓಡುತ್ತಿರುವುದು ಕಾರಣ. 50 ಚಿತ್ರವನ್ನು 60ಕ್ಕೆ ಎಳೆದರೆ ಪ್ರತಿ ಐದಕ್ಕೆ ಒಂದು ಎರಡು ಸಲ ಕಾಣಿಸುತ್ತದೆ. ಸೆಟ್ಟಿಂಗ್ಸ್, ಪ್ಲೇಯರ್, ವಿಡಿಯೊಸ್‌ನಲ್ಲಿ ‘ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್’ ಅನ್ನು ‘ಆನ್ ಸ್ಟಾರ್ಟ್/ಸ್ಟಾಪ್’ ಮಾಡಿ. ಚಾನೆಲ್ ಹಾಕಿದಾಗ ಪರದೆ ಒಮ್ಮೆ ಕಪ್ಪಾಗಿ 50ಕ್ಕೆ ಬರಬೇಕು. ಪಿಸಿಯಲ್ಲಿ ಟಿವಿ ನೋಡುವುದು ಬಿಟ್ಟು ಬೇರೆ ಕೆಲಸ ಇಲ್ಲ ಎಂದಾದರೆ ಸಿಸ್ಟಮ್‌ನಲ್ಲೇ 1920×1080, 50 ಹರ್ಟ್ಸ್ ಇಟ್ಟುಬಿಡಿ. ಡೆಸ್ಕ್‌ಟಾಪ್ ಎನ್ವಿರಾನ್‌ಮೆಂಟ್ ಮೇಲೆ ಕೋಡಿ ಓಡಿಸುವುದಕ್ಕಿಂತ ಜಿಬಿಎಂ ಆವೃತ್ತಿಯನ್ನು (ಡೆಸ್ಕ್‌ಟಾಪ್ ಇಲ್ಲದೆ ಓಡುವ ಕೋಡಿ) ನೇರ ಬೂಟ್ ಮಾಡಿದರೆ ಚಿತ್ರ ಅಡ್ಡಡ್ಡ ಸೀಳಿದಂತೆ ಕಾಣುವ ತೊಂದರೆಯೂ ತಪ್ಪುತ್ತದೆ.

ರೆಕಾರ್ಡಿಂಗ್ ಬಗ್ಗೆ ಒಂದು ಸಾಲು: ಕಾರ್ಯಕ್ರಮ ಮಾರ್ಗದರ್ಶಿ ಎಲ್ಲ ಚಾನೆಲ್‌ಗೂ ಸರಿಯಾಗಿ ಬರುವುದಿಲ್ಲ, ಅದನ್ನು ನೆಚ್ಚದೆ ಡಿವಿಆರ್‌ನ ‘ಟೈಮರ್ಸ್’ ಟ್ಯಾಬ್‌ನಲ್ಲಿ ಗಂಟೆ ಕೊಟ್ಟು ಹಾಕಿ. ಮೊದಲು 5, ಕೊನೆಗೆ 10 ನಿಮಿಷ ಹೆಚ್ಚು ಇಡಿ.

ನಾಲ್ಕನೆಯದಕ್ಕೆ ನನ್ನ ಉತ್ತರ: ಬಿಟ್ಟುಬಿಡಿ. ಪಾವತಿ ಡಿಟಿಎಚ್ ಸಿಗ್ನಲ್ ಎನ್‌ಕ್ರಿಪ್ಟ್ ಆಗಿರುತ್ತದೆ, ಕಾರ್ಡ್ ಮತ್ತು ಬಾಕ್ಸ್ ಒಂದಕ್ಕೊಂದು ಜೋಡಿಯಾಗಿರುತ್ತವೆ. ಕಾರ್ಡನ್ನು ಬೇರೆ ರೀಡರ್‌ಗೆ ಹಾಕಿದರೆ ಏನೂ ತೆರೆಯುವುದಿಲ್ಲ. ನೆಟ್‌ನಲ್ಲಿ ಕಾರ್ಡ್ ಹಂಚಿಕೊಳ್ಳುವ ಸರ್ವರ್‌ಗಳ ಜಾಹೀರಾತು ಕಾಣುತ್ತವೆ, ಅದು ಕಳ್ಳತನ, ಇಲ್ಲಿ ಅದರ ಚರ್ಚೆ ಬೇಡ. ಆ ಬಾಕ್ಸನ್ನು ಟಿವಿಯ ಇನ್ನೊಂದು ಎಚ್‌ಡಿಎಂಐಗೆ ಹಾಕುವುದೇ ನೆಟ್ಟಗಿನ ದಾರಿ.

---

ಬೆಣ್ಣೆದೋಸೆ64

ಕೇಬಲ್ ವಿಷಯ ಒಪ್ಪಿದೆ. ಆದರೂ ಮಳೆಗಾಲಕ್ಕೆ ಮುಂಚೆ ಡಿಶ್‌ನ ದಿಕ್ಕು ಒಮ್ಮೆ ಸರಿಮಾಡಿಕೊಳ್ಳಿ, ಜೋರು ಮಳೆಯಲ್ಲಿ ಕೆಯು ಬ್ಯಾಂಡ್ (ಈ ಟಿಪಿಗಳಿರುವ ಆವರ್ತನ) ಸಿಗ್ನಲ್ ಮೊದಲು ಹೋಗುವುದು ದಿಕ್ಕು ಅರೆಬರೆ ಇರುವ ಡಿಶ್‌ಗೇ. ಶಿವಮೊಗ್ಗಕ್ಕೆ 93.5 ಡಿಗ್ರಿ ಎಂದರೆ ದಿಕ್ಕು ಉತ್ತರದಿಂದ ಪ್ರದಕ್ಷಿಣವಾಗಿ ಸುಮಾರು 126.6 ಡಿಗ್ರಿ, ಅಂದರೆ ಆಗ್ನೇಯಕ್ಕಿಂತ ಒಂದಿಷ್ಟು ಪೂರ್ವಕ್ಕೆ. ದಿಗಂತದಿಂದ ಎತ್ತರ 63.6 ಡಿಗ್ರಿ. ಬೆಂಗಳೂರಲ್ಲಿ 128 ಮತ್ತು 66. ಆಫ್‌ಸೆಟ್ ಡಿಶ್‌ಗೆ (ಎಲ್‌ಎನ್‌ಬಿ ನಡುವಲ್ಲಿರದೆ ಕೆಳಗೆ ಇರುವ ಬಗೆ) ತಟ್ಟೆಯ ಕೋನ ಬೇರೆ: ಆಫ್‌ಸೆಟ್ 24 ಡಿಗ್ರಿಯಾದರೆ ತಟ್ಟೆ ಲಂಬದಿಂದ ಹಿಂದಕ್ಕೆ 40 ಡಿಗ್ರಿ ಒರಗಿರಬೇಕು. ತಟ್ಟೆಯ ಮೇಲಂಚಿನಿಂದ ಕೆಳಂಚಿಗೆ ಒಂದು ಪಟ್ಟಿ ಇಟ್ಟು, ಅದರ ಮೇಲೆ ಫೋನ್ ಇಟ್ಟು ಮಟ್ಟ ತೋರಿಸುವ ಆಪ್‌ನಲ್ಲಿ ಅಳೆಯಿರಿ.

ಎಲ್‌ಎನ್‌ಬಿ ತಿರುವನ್ನು ಎಷ್ಟೋ ಜನ ಮುಟ್ಟುವುದೇ ಇಲ್ಲ. ನಮ್ಮ ಅಕ್ಷಾಂಶದಲ್ಲಿ ಅದು ಚಿಕ್ಕ ಸಂಗತಿಯಲ್ಲ, ಲೆಕ್ಕದಲ್ಲಿ 50 ಡಿಗ್ರಿ ಹತ್ತಿರ ಬರುತ್ತದೆ. ಡಿಶ್ ಹಿಂದೆ ನಿಂತು ಆಕಾಶ ನೋಡುವಾಗ ಅಪ್ರದಕ್ಷಿಣವಾಗಿ ತಿರುಗಿಸಿ ಅಲ್ಲಿಂದ ಶುರುಮಾಡಿ. ಆಮೇಲೆ ಸಿ/ಎನ್ ನೋಡುತ್ತ ಐದೈದು ಡಿಗ್ರಿ ಆಚೆ ಈಚೆ ಮಾಡಿ ಗರಿಷ್ಠ ಸಿಕ್ಕಲ್ಲಿ ಬಿಗಿ ಮಾಡಿ. ಪ್ರತಿ ಸಲ ತಿರುಗಿಸಿದ ಮೇಲೆ ಐದು ಸೆಕೆಂಡ್ ಕಾಯಿರಿ, ಕಾರ್ಡ್‌ನ ಅಂಕಿ ತಡವಾಗಿ ಬರುತ್ತದೆ.

ಏಪ್ರಿಲ್, ಮೇ ಸಿಡಿಲಿಗೆ: ಕೇಬಲ್ ಮನೆಯೊಳಗೆ ಬರುವ ಜಾಗದಲ್ಲಿ ಅರ್ತ್ ಬ್ಲಾಕ್ ಹಾಕಿ ಮನೆಯ ಅರ್ತಿಂಗ್‌ಗೆ ದಪ್ಪ ತಂತಿಯಲ್ಲಿ ಜೋಡಿಸಿ. ನೇರ ಹೊಡೆತಕ್ಕೆ ಯಾವುದೂ ತಡೆಯಲ್ಲ. ಗುಡುಗು ಶುರುವಾಗುವ ಮುಂಚೆಯೇ ಕನೆಕ್ಟರ್ ಬಿಚ್ಚಿ ಪಿಸಿಯಿಂದ ದೂರ ಇಡಿ, ಗುಡುಗುವಾಗ ಕೇಬಲ್ ಮುಟ್ಟಬೇಡಿ. ಸೆಟ್‌ಟಾಪ್ ಬಾಕ್ಸ್ ಹೋದರೆ ಬಾಕ್ಸ್ ಮಾತ್ರ ಹೋಗುತ್ತದೆ, ಇಲ್ಲಿ ಮದರ್‌ಬೋರ್ಡೂ ಹೋಗುತ್ತದೆ.

---

ತುಂಗಾತೀರ

ಹೊಸ ಕೇಬಲ್ ಜಾಯಿಂಟ್ ಇಲ್ಲದೆ ಎಳೆದಾಯಿತು. 11570 ರಾತ್ರಿ ಒಂಬತ್ತಕ್ಕೆ 11.8 ಡಿಬಿ, ಅನ್‌ಕರೆಕ್ಟೆಡ್ ಬ್ಲಾಕ್ಸ್ ಸೊನ್ನೆ. ಸ್ಪ್ಲಿಟರ್‌ನಿಂದ ಎರಡು ಟ್ಯೂನರೂ ಲಾಕ್ ಆಗಿವೆ. 50 ಹರ್ಟ್ಸ್‌ಗೆ ಬಂದ ಮೇಲೆ ಸುದ್ದಿ ಪಟ್ಟಿ ನೀರಿನಂತೆ ಓಡುತ್ತಿದೆ. ಒಂದು ಸಣ್ಣ ಪ್ರಶ್ನೆ ಉಳಿದಿದೆ: ಪಟ್ಟಿಯಲ್ಲಿ ಕೆಲವು ಚಾನೆಲ್ ಹೆಸರು ಇವೆ, ಒತ್ತಿದರೆ ಏನೂ ಬರುವುದಿಲ್ಲ, ಸ್ವಲ್ಪ ಹೊತ್ತಿಗೆ ‘ಇನ್‌ಪುಟ್ ಇಲ್ಲ’ ಎನ್ನುತ್ತದೆ. ಟಿಪಿ ಸರಿಯಾಗಿಯೇ ಇದೆ.

---

ಮಕ್ಸ್‌ಮರಿ

ಅವು ಜಾಗ ಖಾಲಿ ಮಾಡಿದ ಚಾನೆಲ್‌ಗಳು. ಪ್ರಸಾರ ಭಾರತಿ ಫ್ರೀ ಡಿಶ್ ಸ್ಲಾಟ್‌ಗಳನ್ನು ಇ-ಹರಾಜಿನಲ್ಲಿ ಕೊಡುತ್ತದೆ, ಏಪ್ರಿಲ್ 1ರ ಸುಮಾರಿಗೆ ದೊಡ್ಡ ಅದಲುಬದಲು ಆಗುತ್ತದೆ, ನಡುವೆಯೂ ಆಗಾಗ. ಮಕ್ಸ್ ಅಳಿಸಲು ಹೋಗಬೇಡಿ. ಅಳಿಸಿದರೆ ಚಾನೆಲ್ ಸಂಖ್ಯೆ, ಟೈಮರ್ ಎಲ್ಲದರ ಕೊಂಡಿ ಕಳಚುತ್ತದೆ. ಮಕ್ಸ್ ಪುಟದಲ್ಲಿ ಎಲ್ಲವನ್ನೂ ಆರಿಸಿ ಸ್ಕ್ಯಾನ್ ಸ್ಥಿತಿಯನ್ನು ‘ಪೆಂಡಿಂಗ್’ ಮಾಡಿ ಸೇವ್ ಒತ್ತಿ, ಮರು ಸ್ಕ್ಯಾನ್ ಆಗುತ್ತದೆ. ಆಮೇಲೆ ಸರ್ವಿಸಸ್ ಪುಟದ ‘ಮೇಂಟೆನೆನ್ಸ್’ನಲ್ಲಿ ಏಳು ದಿನಕ್ಕಿಂತ ಹೆಚ್ಚು ಕಾಲ ಕಾಣದ ಸರ್ವಿಸ್‌ಗಳನ್ನು ತೆಗೆಯುವ ಆಯ್ಕೆ ಇದೆ. ಏಪ್ರಿಲ್ ಮೊದಲ ವಾರವೇ ಅದನ್ನು ಒತ್ತಿದರೆ ಹಳೆಯವು ಹೋಗುವುದಿಲ್ಲ, ಒಂದು ವಾರ ಬಿಟ್ಟು ಒತ್ತಿ. ಹೊಸದಾಗಿ ಸಿಕ್ಕವನ್ನು ಮ್ಯಾಪ್ ಮಾಡುವಾಗ ‘ಮ್ಯಾಪ್ ಆಲ್’ ಬೇಡ, ಬೇಕಾದವನ್ನು ಆರಿಸಿ ‘ಮ್ಯಾಪ್ ಸೆಲೆಕ್ಟೆಡ್’ ಕೊಡಿ. ಚಂದನವನ್ನು 1ನೇ ನಂಬರ್‌ಗೆ ಇಟ್ಟಿದ್ದರೆ ಅದು ಅಲ್ಲೇ ಇರುತ್ತದೆ.